ಎಲ್ಲ ಸ್ವರಗಳೂ ನುಡಿಯುತ್ತವೆ

ಮಾರಾಟಕ್ಕಿದೆ, ಎಂದು ಬರೆದೆ.
ಕೆಂಪು ಅಕಾರ್ಡಿಯನ್, ಹನ್ನೊಂದು ಕಿಲೋ,
ಎಡಗೈಗೆ ನೂರಿಪ್ಪತ್ತು ಗುಂಡಿ.
ಕುವೊಪಿಯೊದ ಸರೋವರದ ದಂಡೆ, ಕುಣಿತದ ಮಂಟಪ,
ಮೂವತ್ತು ಬೇಸಿಗೆ ನನ್ನ ಎದೆಗಾತು ಉಸಿರಾಡಿತ್ತು
(ಇದನ್ನು ಬರೆಯಲಿಲ್ಲ, ಉಸಿರಿಗೆ ಯಾರು ಕೊಡುತ್ತಾರೆ ದುಡ್ಡು?)
ಬೆರಳ ಗಂಟುಗಳು ಊದಿವೆ
(ಇದನ್ನೂ ಬರೆಯಲಿಲ್ಲ.)
ಬೆಲೆ ಆರುನೂರೈವತ್ತು ಯೂರೋ.
ಎಲ್ಲ ಸ್ವರಗಳೂ ನುಡಿಯುತ್ತವೆ.

ಕಾಫಿ ಕುದಿಯುವಷ್ಟರಲ್ಲಿ ಬಂದರು.
ನಮಸ್ಕಾರವಿಲ್ಲ, ಹೆಸರಿಲ್ಲ: 'ಕೊನೆ ಬೆಲೆ ಎಷ್ಟು?'
ಇನ್ನೊಬ್ಬ: ಮುನ್ನೂರು, ಈಗಲೇ, ಮಗಳ ಹುಟ್ಟುಹಬ್ಬ.
ಮರುದಿನ ಬೇರೆ ಹೆಸರಲ್ಲಿ ಅವನೇ:
ಇನ್ನೂರೈವತ್ತು, ತಾಯಿಯ ಕೊನೆಯಾಸೆ.
ಒಬ್ಬಳು ಬಲು ನಯವಾಗಿ:
ಕೊರಿಯರ್‌ನವನೇ ಲಕೋಟೆಯಲ್ಲಿ ಹಣ ತರುತ್ತಾನಮ್ಮಾ,
ಈ ಲಿಂಕು ಒತ್ತಿ ಕಾರ್ಡಿನ ನಂಬರು ತುಂಬಿ,
ಬೆನ್ನ ಮೇಲಿನ ಮೂರಂಕಿಯನ್ನೂ.

ನಲವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಸೌಟು ಹಿಡಿದವಳು ನಾನು, ತೆಲ್ಲೆರ್ವೊ.
ಎರಡನೇ ಸಲ ಸಾಲಿಗೆ ನಿಂತವನು
ಟೋಪಿ ಬದಲಿಸಿದರೂ ಗೊತ್ತಾಗುತ್ತದೆ.
ಟೋಪಿ ಹಾಕಲು ಬಂದವನೂ.

ಆದರೆ ಕೆಮಿ ಊರಿನ ರೈನೆ ಚೌಕಾಸಿ ಮಾಡಲಿಲ್ಲ.
ಪೂರ್ತಿ ಹಣ ಹಾಕಿದ, ಥ್ಯಾಂಕ್ಸ್ ಎಂದ.
ತಿದಿಯ ಪಟ್ಟಿ ಕಿತ್ತುಹೋಗಿತ್ತು;
ಕೆಂಪು ಉಣ್ಣೆಯ ದಾರ ಸುತ್ತಿ
ಅತ್ತೆ ಕಲಿಸಿದ ಬಲೆಗಾರರ ಗಂಟು ಹಾಕಿ
ಕಂಬಳಿ ಹೊದಿಸಿ
ಹಿಮದ ಮೇಲೆ ಜಾರುಬಂಡಿಯಲ್ಲಿಟ್ಟು ತಳ್ಳಿಕೊಂಡು
ಬಸ್ ನಿಲ್ದಾಣದ ಪಾರ್ಸಲ್ ಕಿಟಕಿಗೆ ಒಪ್ಪಿಸಿ ಬಂದೆ.
ಬರುವಾಗ ಬಂಡಿ ತೀರಾ ಹಗುರ.

ಮೂರನೇ ದಿನ ಮೆಸೇಜು:
'ಬಲಗಡೆ, ಮೇಲಿನಿಂದ ಮೂರನೇ ಮನೆ ಸತ್ತಿದೆ.
ನುಡಿಸಿ ನೋಡಿದೆ, ಉಸಿರೇ ಇಲ್ಲ.
ಅರ್ಧ ಹಣ ವಾಪಸು ಮಾಡಿ, ಇಲ್ಲವೇ ದೂರು ಕೊಡುವೆ.
ಸಾಕ್ಷಿಗೆ ಫೋಟೋ.'

ರಾತ್ರಿಯಿಡೀ ಕಂಬಳಿಯ ಮೇಲೆ
ಆ ಮೂರನೇ ಮನೆಯನ್ನು ಒತ್ತುತ್ತ ಮಲಗಿದ್ದೆ.
ಸತ್ತಿದ್ದು ನನ್ನ ಕಿವಿಯೇ ಇರಬಹುದೇ?
ಬೆಳಗ್ಗೆ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿದೆ,
ಇನ್ನೂ, ಇನ್ನೂ,
ಅಗೋ ಕೆಂಪು ದಾರ.
ಅತ್ತೆಯ ಗಂಟು, ನಾನು ಬಿಗಿದ ಹಾಗೇ.

ತಿದಿ ಬಿಚ್ಚದೆ ನುಡಿಸಿದನಂತೆ ಪುಣ್ಯಾತ್ಮ!

ಬರೆದೆ: ಮೊದಲು ಗಂಟು ಬಿಚ್ಚಿ. ಆಮೇಲೆ ಮಾತು.
ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ.
ಕೆಳಮನೆಯ ಔನೆ ಚಪ್ಪಾಳೆ ತಟ್ಟಿದಳು.
ನಾನೂ ನಕ್ಕೆ, ಅವಳು ಹೋಗುವವರೆಗೆ.

ಯಾಕೆಂದರೆ
ಎಡಗಡೆ, ಎರಡನೇ ಸಾಲು, ಏಳನೇ ಗುಂಡಿ.
ಥಂಡಿಯ ದಿನ ಒತ್ತಿದರೆ ಒಳಗೇ ಕೂತುಬಿಡುತ್ತದೆ.
ಕಿರುಬೆರಳ ಉಗುರಲ್ಲಿ ಎಬ್ಬಿಸಬೇಕು,
ವಾಲ್ಟ್ಸ್‌ನ ಎರಡನೇ ಪೆಟ್ಟಿಗೂ ಮೂರನೆಯದಕ್ಕೂ ನಡುವೆ,
ಕುಣಿಯುವವರ ಕಾಲಿಗೆ ತಿಳಿಯದ ಹಾಗೆ.
ಇಪ್ಪತ್ತು ವರ್ಷ ಎಬ್ಬಿಸಿದ್ದೇನೆ.
ಒಂದು ಹಾಡು, ಒಂದೇ ಒಂದು ಹಾಡು ನುಡಿಸಿದ್ದರೆ
ರೈನೆಗೆ ನಿಜವಾದ ದೂರೇ ಸಿಗುತ್ತಿತ್ತು,
ನಾನು ತೆಪ್ಪಗೆ ಹಣ ಕೊಡುತ್ತಿದ್ದೆ.

ವಾರ ಕಳೆದು ಮತ್ತೆ ಕಂಡಿತು.
ಮಾರಾಟಕ್ಕಿದೆ, ಕೆಮಿ, ಸಾವಿರದ ಇನ್ನೂರು.
ನನ್ನದೇ ಸಾಲುಗಳು,
ಅವಸರದಲ್ಲಿ ನಾನು ನುಂಗಿದ್ದ ಒಂದಕ್ಷರವನ್ನು
ಅವನೂ ನುಂಗಿ:
ಎಲ್ಲ ಸ್ವರಗಳೂ ನುಡಿಯುತ್ತವೆ.

ಔನೆಯ ಫೋನು ತಂದು ಅವಳ ಹೆಸರಲ್ಲಿ ಕೇಳಿದೆ:
ಎಡಗಡೆಯ ಗುಂಡಿಗಳು?
'ಎಲ್ಲ ಸರಿ ಇವೆ. ನನ್ನದೇ ವಾದ್ಯ, ದಿನಾ ನುಡಿಸುತ್ತೇನೆ.'
ಫೋಟೋದಲ್ಲಿ ಇನ್ನೂ ಬಿಚ್ಚದ ಗಂಟು.

ಕುಂಬಳಕಾಯಿ ಕಳ್ಳ ಎಂದು ಯಾರೋ ಕೂಗಿದ ಹಾಗೆ
ಕೈ ತಾನಾಗಿ ಹೆಗಲಿಗೆ ಹೋಯಿತು.
ಅಲ್ಲಿ ಪಟ್ಟಿ ಕೂತ ತಗ್ಗು,
ಮೂವತ್ತು ಬೇಸಿಗೆಯದು, ಹಾಗೇ ಇದೆ.

ಆಮೇಲೆ ನಮಸ್ಕಾರವಿಲ್ಲದೆ, ಹೆಸರಿಲ್ಲದೆ
ಬೆರಳೊತ್ತಿದೆ:
ಕೊನೆ ಬೆಲೆ ಎಷ್ಟು?