ಹದಿನಾಲ್ಕನೇ ಚೀಟಿ

ಚುನಾವಣೆ ಘೋಷಣೆಯಾದ ಮರುದಿನದಿಂದ
ಕೋವಿಗಳು ಬರತೊಡಗಿದವು.
ಹಳೇ ಪಂಚೆ ಸುತ್ತಿಕೊಂಡು, ಗೋಣಿಯಲ್ಲಿ, ಒಂದು ಚಾಪೆಯೊಳಗೆ,
ಜ್ವರದ ಮಕ್ಕಳನ್ನು ಆಸ್ಪತ್ರೆಗೆ ತರುವ ಹಾಗೆ.

ನಮ್ಮದು ಕುಟ್ಟದ ದಾರಿಯ ಹೊರಠಾಣೆ. ಎರಡು ಕೋಣೆ, ನಾಲ್ಕು ಜನ,
ತಳ್ಳಿದರೆ ಓಡುವ ಒಂದು ಜೀಪು.
ಏಪ್ರಿಲ್‌ನಲ್ಲಿ ಇಲ್ಲಿ ಕಳವಾಗುವುದು ಕರಿಮೆಣಸು,
ಹೊಳೆಯಲ್ಲಿ ತೇಲಿಹೋಗುವುದು ಹೋಂಸ್ಟೇ ಹುಡುಗರ ಚಪ್ಪಲಿ,
ಕೆಲವೊಮ್ಮೆ ಚಪ್ಪಲಿಯ ಹಿಂದೆ ಹುಡುಗರೂ.
ಹೆಜ್ಜೇನು ಎದ್ದರೆ ನಮಗೇ ಫೋನು,
ಬಾಣೆಗೆ ಬೆಂಕಿ ಬಿದ್ದರೆ ನಮಗೇ,
ಹಲಸು ಹಣ್ಣಾದರೆ ಆನೆ, ಆನೆ ಬಂದರೂ ನಮಗೇ.
ಅರಣ್ಯದವರು ಒಂದು ಡಬ್ಬಿ ಪಟಾಕಿ ಕೊಟ್ಟಿದ್ದಾರೆ.

ನಾನು ಸಿಂದಗಿಯವನು. ಬಿಸಿಲು ನನಗೆ ಹೊಸದಲ್ಲ.
ಕಾಫಿ ಹೂವಿನ ವಾಸನೆ ಹೊತ್ತ ಬಿಸಿಲು ಹೊಸದು;
ಖಾಕಿಯೊಳಗೆ ಬೆವರಿದರೂ ಮದುವೆಮನೆಯಲ್ಲಿ ಬೆವರಿದ ಹಾಗೆ.
ಕೋವಿಗೆ ಇಲ್ಲಿ ತೋಕ್ ಅಂತಾರೆ.
ಮೂವತ್ತೊಂದು ತೋಕ್, ಮೂವತ್ತೊಂದು ರಟ್ಟಿನ ಚೀಟಿ, ದಾರ.
ಬರೆಯುವ ಕೈ ನನ್ನದು.

ಹದಿನಾಲ್ಕನೆಯದನ್ನು ತಂದವಳು ಚೋಂದವ್ವ,
ಮೊಮ್ಮಗನ ಸ್ಕೂಟರಿನಲ್ಲಿ, ಇಬ್ಬರ ನಡುವೆ ಕೂರಿಸಿಕೊಂಡು.
"ಗೋಡೆಗೆ ಒರಗಿಸಬೇಡ ಮಗ, ಮಲಗಿಸು.
ರಸೀದಿಯಲ್ಲಿ ಹೆಸರು ದೊಡ್ಡದಾಗಿ ಬರಿ, ನನಗೆ ಕಣ್ಣು ಕಾಣಲ್ಲ."
ಬರೆದೆ.
ಕಾಣದ ಕಣ್ಣಲ್ಲೇ ಓದಿ ಒಂದಕ್ಷರ ತಿದ್ದಿಸಿದಳು.

ಹನ್ನೆರಡು ದಿನದ ಮೇಲೆ, ರಾತ್ರಿ ಒಂಬತ್ತೂವರೆಗೆ,
ಅದೇ ಸ್ಕೂಟರು. ಹುಡುಗ ನಾಚಪ್ಪ ಒಬ್ಬನೇ.
ಅಜ್ಜಿ ಹೋದಳು. ಎರಡು ಗುಂಡು ಹಾರಿಸಬೇಕು.
ಗಂಡು ಹುಟ್ಟಿದರೆ ಒಂದು, ಸಾವಿಗೆ ಎರಡು;
ಕೇಳಿದವರು ಊಟದ ತಟ್ಟೆ ಬಿಟ್ಟು ಎದ್ದು ಬರುತ್ತಾರೆ.
ಊರಿನ ಕೋವಿಗಳೆಲ್ಲ ನನ್ನ ಬೀಗದೊಳಗೆ.

ಎಎಸ್‌ಐ ಬೆಳ್ಯಪ್ಪನವರು ಫೋನು ಹಚ್ಚಿದರು.
ಸರ್ಕಲ್ ಎತ್ತಲಿಲ್ಲ. ತಾಲೂಕು ಕಚೇರಿಯಿಂದ ಯಾರೋ
ಅರ್ಜಿ ಕೊಡಿ ಅಂದರು.
ಅವರ ಮನೆಯ ಕೋವಿಯೂ ಒಳಗಿತ್ತು, ಒಂಬತ್ತನೇ ಚೀಟಿ.
ಬೀಗವನ್ನು ನೋಡಿದರು. ನನ್ನನ್ನು ನೋಡಲಿಲ್ಲ.

ಡ್ರೈವರ್ ಹಂಝ ಅಂದ: ಪಟಾಕಿ ಇದೆಯಲ್ಲ.

ಚೋಂದವ್ವನ ಕಣದಲ್ಲಿ ನಾನೇ ಹಚ್ಚಿದೆ. ಒಂದು. ಇನ್ನೊಂದು.
ಗದ್ದೆಯಾಚೆ ದೀಪ ಹತ್ತುತ್ತವೆ ಅಂತ ನಿಂತೆವು.
ಇದ್ದ ದೀಪಗಳೂ ಆರಿದವು. ಅಗುಳಿ ಬಿದ್ದ ಸದ್ದು,
ನಾಯಿಗಳನ್ನು ಒಳಗೆ ಕರೆಯುವ ದನಿ.
ಊರಿನ ಕಿವಿಗೆ ಗೊತ್ತು, ಇದು ತೋಕಲ್ಲ, ಆನೆ.

ಹಾಗಾಗಿ ಮನೆ ಮನೆಗೆ ಹೋದೆವು, ಜೀಪನ್ನು ಎರಡು ಸಲ ತಳ್ಳಿ.
ಹತ್ತೊಂಬತ್ತು ಬಾಗಿಲು.
ಪೊಲೀಸರು ರಾತ್ರಿ ಕದ ಬಡಿದರೆ ಮೊದಲು ಮುಖ ಬಿಳಿಚುತ್ತದೆ.
ಹೆಸರನ್ನು ಬೇಗ ಹೇಳಬೇಕು,
ಅವರು ತಮ್ಮ ಮಕ್ಕಳನ್ನು ಎಣಿಸಿ ಮುಗಿಸುವ ಮೊದಲು.

ಅಪ್ಪಣೆ ಬಂದದ್ದು ಮಾರನೆಯ ದಿನ ಹನ್ನೊಂದಕ್ಕೆ.
ಅಷ್ಟರಲ್ಲಿ ಅಂಗಳ ತುಂಬಿತ್ತು, ತಿಳಿಯದವರು ಯಾರೂ ಉಳಿದಿರಲಿಲ್ಲ.
ಆದರೂ ಹದಿನಾಲ್ಕನೆಯದನ್ನು ಒಯ್ದು ಕೊಟ್ಟೆ,
ಮಲಗಿಸಿಯೇ ಇಟ್ಟಿದ್ದೆ ಎಂದು ಯಾರಿಗೆ ಹೇಳುವುದೋ ತಿಳಿಯದೆ.
ನಾಚಪ್ಪ ಹಾರಿಸಿದ. ಗದ್ದೆಯ ಕೊಕ್ಕರೆಗಳೆಲ್ಲ ಎದ್ದವು.

ಸಂಜೆ ಖಾಲಿ ತೋಟಾ ಎರಡನ್ನು ಮೇಜಿನ ಮೇಲಿಟ್ಟು
ವಹಿ ತೆರೆದೆ. ಖರ್ಚು: ಎರಡು. ಕಾರಣ:
ಆ ಕಾಲಮ್ಮು ಹೆಬ್ಬೆರಳಿನಷ್ಟು ಅಗಲ.
ಬೆಳ್ಯಪ್ಪನವರೇ ಬರೆದರು, ವಾಡಿಕೆ. ಸಹಿ.

ನಾವಿಲ್ಲದ ಆ ರಾತ್ರಿ ಆನೆ ನಿಜಕ್ಕೂ ಬಂದಿತ್ತು,
ಠಾಣೆಯ ಹಿಂದಿನ ಹಲಸಿಗೆ, ಬೇಲಿ ಮುರಿದು.
ಪಟಾಕಿ ಡಬ್ಬಿ ಜೀಪಿನಲ್ಲಿ, ನಮ್ಮ ಜೊತೆ.
ಕಾವಲಿಗಿದ್ದ ಲೀಲಾವತಿ
ಮೂವತ್ತೊಂದು ಕೋವಿಗಳ ನಡುವೆ ಕೂತು
ಬೆಳಗಾಗುವವರೆಗೆ ಊಟದ ತಟ್ಟೆ ಬಡಿದಳಂತೆ.
ಅದಕ್ಕೆ ಬೇರೆ ವಹಿ. ಇನ್ನೂ ಬರೆದಿಲ್ಲ.