ಗೋಡೆಯ ವೋಲ್ಟು

ಮುನ್ನೂರು ಬರಬೇಕಿತ್ತು.
ಮೀಟರಿನಲ್ಲಿ ನೂರ ಎಪ್ಪತ್ತು.

ಅಲ್ ಖೋಬರ್, ತುಕ್ಬಾದ ಹಳೇ ಕಟ್ಟಡ, ಮೂರನೇ ಮಹಡಿ.
ಶುಕ್ರವಾರದ ನಮಾಜು ಮುಗಿದು
ಬೀದಿಯಲ್ಲಿ ಬಿಸಿಲೊಂದೇ ಓಡಾಡುವ ಹೊತ್ತು.
ಮೊಹಿದ್ದೀನ್ ಟ್ರೇಲರ್ ನಿಲ್ಲಿಸಿ ಬಂದು ಮಲಗಿದ್ದಾನೆ,
ಭರಮಪ್ಪ ಬೇಳೆ ತೊಳೆಯುತ್ತಿದ್ದಾನೆ,
ನಾನು ನೆಲದ ಮೇಲೆ,
ಮಗುಚಿ ಹಾಕಿದ ಕಬ್ಸಾ ತಟ್ಟೆಗೆ ತೂತು ಕೊರೆದು ಕೂರಿಸಿದ
ನಾಲ್ಕು ವಾಲ್ವುಗಳೆದುರು.

ಟ್ರಾನ್ಸ್‌ಫಾರ್ಮರು ಬೆಟಗೇರಿಯದು.
ಮೋಟಾರು ಸುತ್ತುವ ವಿರೂಪಣ್ಣ
ಎಣಿಕೆ ತಪ್ಪೀತೆಂದು ಬಂದ ಚಹಾ ಆರಲು ಬಿಟ್ಟು ಸುತ್ತಿಕೊಟ್ಟದ್ದು.
ನಾಲ್ಕೂವರೆ ಕಿಲೋ. ಅಷ್ಟು ಉಪ್ಪಿನಕಾಯಿ ಊರಲ್ಲೇ ಉಳಿಯಿತು.
ದಮ್ಮಾಮಿನ ಕಸ್ಟಮ್ಸಿನವ ಅದನ್ನೆತ್ತಿ, ಇಳಿಸಿ,
"ಎಶ್ ಹಾದಾ?" ಎಂದಾಗ
"ಹಾಡು" ಎಂದಿದ್ದೆ, ನನಗೆ ಬರುವ ಅರಬಿಯಲ್ಲಿ.

ಮೊದಲು ನನ್ನ ಮೇಲೇ ಅನುಮಾನ.
ಒಂದು ಕೈ ಜೇಬಿನಲ್ಲಿ, ಇನ್ನೊಂದರಲ್ಲಿ ಮೀಟರಿನ ಕೆಂಪು ಮೂಗು,
ಎರಡೂ ಕೈ ಇಟ್ಟರೆ ಕರೆಂಟು ಎದೆಯ ದಾರಿ ಹಿಡಿಯುತ್ತದೆ.
ಬೆಸುಗೆಗಳನ್ನೆಲ್ಲ ಮತ್ತೆ ಕರಗಿಸಿದೆ.
ರೆಕ್ಟಿಫೈಯರ್ ಬದಲಿಸಿದೆ, ಅದೇ ನೂರ ಎಪ್ಪತ್ತು.
ಕೆಪಾಸಿಟರ್ ಸೋರುತ್ತಿದೆಯೇ? ಇಲ್ಲ,
ಆರಿಸಿದ ಮೇಲೂ ಕಿಡಿ ಹಾರಿಸಿ ಬೈಯುವಷ್ಟು ಗಟ್ಟಿ.
ಔಟ್‌ಪುಟ್ ವಾಲ್ವು ಎರಡನ್ನೂ ಕಿತ್ತು ನೋಡಿದೆ,
ಇನ್ನೂರಕ್ಕೆ ಹಾರಿತು!
ಹೊರೆ ಇಳಿಸಿದರೆ ಹಾರದವರು ಯಾರು?
ಊರಿಗೆ ಹಣ ಕಳಿಸುವ ಹಿಂದಿನ ದಿನ
ನನ್ನ ಖಾತೆಯೂ ಹೀಗೇ ಎದ್ದು ನಿಂತಿರುತ್ತದೆ.
ವಾಲ್ವು ಹಾಕಿದೆ. ಬಿತ್ತು.

ಆಮೇಲೆ ವಿರೂಪಣ್ಣನ ಮೇಲೆ.
ಫೋನಿನಲ್ಲಿ ಅವನ ದನಿ ನೊಂದಿತ್ತು:
"ನನ್ನ ಸುತ್ತು ತಪ್ಪಾಂಗಿಲ್ಲ. ಹೀಟರ್ ಎಷ್ಟೈತಿ?"
ಆರು ದಾಟಬೇಕಾದಲ್ಲಿ ಮೂರೂವರೆ.
"ಎಲ್ಲಾನೂ ಅರ್ಧಕ್ಕರ್ಧ ಇಳಿದೈತಿ ಅಂದ್ರ
ತಪ್ಪು ಡಬ್ಬಿಯೊಳಗಿಲ್ಲೋ,
ನಿನ್ನ ಗ್ವಾಡ್ಯಾಗ ಐತಿ."

ಗೋಡೆ.
ಎಂಟು ವರ್ಷ ಲಿಫ್ಟು ರಿಪೇರಿ ಮಾಡಿದವನು
ಗೋಡೆಯನ್ನೇ ಅಳೆದಿರಲಿಲ್ಲ.
ಈ ಕಟ್ಟಡದಲ್ಲಿ ಕರೆಂಟು ಎರಡು ಬಗೆ:
ಚಪ್ಪಟೆ ಕಿಂಡಿಯಲ್ಲಿ ನೂರ ಇಪ್ಪತ್ತೇಳು,
ದುಂಡು ಕಿಂಡಿಯಲ್ಲಿ ಇನ್ನೂರ ಇಪ್ಪತ್ತು.
ಮೊಬೈಲ್ ಚಾರ್ಜರು ಬಡಿಸಿದ್ದು ಉಣ್ಣುವ ಜಾತಿ,
ವರ್ಷಗಟ್ಟಲೆ ಒಂದು ಮಾತೂ ಆಡಿರಲಿಲ್ಲ.

ದುಂಡು ಕಿಂಡಿ ಕೋಣೆಗೆ ಒಂದೇ. ಅದರಲ್ಲಿ ಏಸಿ.
ಹೊರಗೆ ನಲವತ್ತೇಳು ಡಿಗ್ರಿ.
ಮೊಹಿದ್ದೀನ್ ಕಣ್ಣು ತೆರೆಯದೆಯೇ ತೀರ್ಪು ಕೊಟ್ಟ:
"ಹತ್ತು ನಿಮಿಷ. ಮೇಲೊಂದು ನಿಮಿಷವಾದರೆ
ನಿನ್ನನ್ನೂ ಅದನ್ನೂ ಜುಬೈಲಿಗೆ ಲೋಡು ಮಾಡ್ತೇನೆ."

ಏಸಿ ಕೆಮ್ಮಿ ಸುಮ್ಮನಾಯಿತು.
ವಾಲ್ವುಗಳು ಬೆಲ್ಲದ ಪಾಕದ ಬಣ್ಣಕ್ಕೆ ಬಂದವು.
ಇನ್ನೂರ ಹತ್ತು, ಇನ್ನೂರ ಅರವತ್ತು,
ಇನ್ನೂರ ತೊಂಬತ್ತಾರು. ನಿಂತಿತು.

ಹಾಡಿಗೆ ಮೊದಲು ಸ್ಪೀಕರಿನಿಂದ ಬಂದದ್ದು
ಸಣ್ಣದೊಂದು ಗುಂಯ್.
ಫಿಲ್ಟರಿಗೆ ಇನ್ನೊಂದು ಕೆಪಾಸಿಟರ್ ಬೇಕು, ಎನ್ನುವಷ್ಟರಲ್ಲಿ
ಭರಮಪ್ಪ ಸೌಟು ಹಿಡಿದೇ ಬಂದ,
ಊರ ಭಜನೆಯಲ್ಲಿ ಪೇಟಿ ಬಾರಿಸುವವ.
"ತಡಿ, ಅದನ್ನ ತೆಗೀಬ್ಯಾಡ.
ನಮ್ಮ ಗಿರಣಿ ಹಿಂದಿನ ಟ್ರಾನ್ಸ್‌ಫಾರ್ಮರು 'ಸಾ' ಹಿಡಿದ್ರ
ಇದು ಕೋಮಲ ಗಾಂಧಾರ."

ಅಲ್ಲಿ ಸೆಕೆಂಡಿಗೆ ಐವತ್ತು, ಇಲ್ಲಿ ಅರವತ್ತು.
ಲೆಕ್ಕ ನನಗೆ ಗೊತ್ತಿತ್ತು,
ಪರೀಕ್ಷೆಯಲ್ಲಿ ಬರೆದು ಪಾಸಾದದ್ದು.
ಅದರ ನಡುವೆ ಒಂದು ಸ್ವರದ ದೂರವಿದೆಯೆಂದು
ಯಾರೂ ಹೇಳಿರಲಿಲ್ಲ.

ಭರಮಪ್ಪ ಬಾಯಿ ಮುಚ್ಚಿಕೊಂಡೇ ಕೆಳಗಿನ ಸಾ ಹಿಡಿದ.
ಸೌಟಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.
ಹಾಡು ಹಚ್ಚಲು ನಾನು ಮರೆತೆ.

ಹದಿನಾಲ್ಕನೇ ನಿಮಿಷ.
ಮೊಹಿದ್ದೀನ್ ಒದ್ದೆ ಬನಿಯನ್ನಿನಲ್ಲಿ ಎದ್ದು ಕೂತ,
ಗಡಿಯಾರ ನೋಡಿದ,
ಗೋಡೆಯ ಕಡೆ ಮುಖ ಮಾಡಿ ಮತ್ತೆ ಮಲಗಿದ.