ರಸೀದಿ ಕಾಗದ

ಯಂತ್ರದೊಳಗಿನ ರಸೀದಿ ಸುರುಳಿ ಮುಗಿಯುವ ಮುನ್ನ
ಅಂಚಿನಲ್ಲೊಂದು ಕೆಂಪು ಗೆರೆ ಬರುತ್ತದೆ.
ಗೆರೆ ಬಂದ ತುಂಡನ್ನು ಎಸೆಯಬೇಕು, ಅಂಗಡಿಯ ನಿಯಮ.
ಯಾಗ್ನಾ ಎಸೆಯುವುದಿಲ್ಲ.
ಮಡಚಿ ಕಾಲುಚೀಲದೊಳಗೆ ತುರುಕುತ್ತಾಳೆ.

ಪೋಲೆಂಡಿನ ವೂಚ್ ಶಹರ. ನವೆಂಬರ್. ಮೂರೂವರೆಗೇ ಕತ್ತಲು.
ಒಂದು ಕೋಣೆ, ಬಾಡಿಗೆ ಎರಡು ಪಾಲು.
ಅವಳು ಚಿತ್ರ ಬರೆಯುವವಳು, ನಾನು ಮರದಚ್ಚು ಕೊರೆಯುವವನು;
ಅಂದರೆ, ಅವಳು ಗಲ್ಲಾದಲ್ಲಿ ಕೂರುವವಳು,
ನಾನು ಪಾರ್ಸೆಲ್ ಹೊರುವವನು.
ನಮ್ಮ ಕೆಲಸದ ಕಾಗದಕ್ಕೆ ಇಲ್ಲಿ ಕಸದ ಕರಾರು ಎಂದು ಹೆಸರು.
ಜ್ವರಕ್ಕೆ ಸಂಬಳವಿಲ್ಲ. ನಾಳೆ ಎನ್ನುವುದು
ಇವತ್ತು ರಾತ್ರಿ ಮೊಬೈಲಿಗೆ ಬಂದರೆ ಬಂತು.

ಊಟವಾದ ಮೇಲೆ ಅವಳು ಒಲೆಯ ಮೇಲೆ ಚಮಚ ಕಾಯಿಸುತ್ತಾಳೆ.
ಈ ಕಾಗದಕ್ಕೆ ಶಾಯಿ ಬೇಡ, ಬಿಸಿ ಸಾಕು.
ಚಮಚದ ಬೆನ್ನು ತಾಗಿದಲ್ಲಿ ಕಪ್ಪು,
ಉಗುರಿನಿಂದ ಗೀರಿದಲ್ಲಿ ಬೂದು.
ಹೀಗೆ ಮೂಡಿದ್ದು: ಹಾಲು ಕೊಳ್ಳುವ ಮುದುಕನ
ಚಿಲ್ಲರೆ ಎಣಿಸುವ ಹೆಬ್ಬೆರಳು;
ಪಾಳಿ ಮುಗಿದರೂ ಕೋಟು ತೊಡದೆ ನಿಂತ ಉಕ್ರೇನಿನ ಹುಡುಗಿ;
ನನ್ನ ಬೆನ್ನು, ಏಳನೇ ಮಹಡಿ, ಲಿಫ್ಟ್ ಕೆಟ್ಟ ದಿನ.

ಹಳೆಯ ನೂಲಿನ ಗಿರಣಿ ಈಗ ಗ್ಯಾಲರಿ.
ಅವಳಜ್ಜಿ ಗೆನೊವೆಫಾ ಮೂವತ್ತೊಂದು ವರ್ಷ
ಅಲ್ಲಿನ ಮಗ್ಗಗಳಿಗೆ ಕಿವಿ ಕೊಟ್ಟಳು.
ಕೊಟ್ಟ ಕಿವಿ ವಾಪಸು ಬರಲಿಲ್ಲ,
ಪಿಂಚಣಿಯಾದರೂ ಬಂತು.
ನಮಗೆ ಕಿವಿ ಇದೆ.
ಅದೇ ಗೋಡೆಗೆ ಮೊಮ್ಮಗಳ ರಸೀದಿಗಳನ್ನು ತೂಗುಹಾಕಿದರು.
ಸಂಭಾವನೆ ಕೇಳಿದರೆ, ನಾಲ್ಕು ಜನ ನೋಡುತ್ತಾರಲ್ಲ, ಎಂದರು.
ಚೌಕಟ್ಟಿನ ಖರ್ಚು ಅವಳದು. ವೈನು ಅವರದು.

ರೇಷ್ಮೆ ಮಫ್ಲರಿನವರೊಬ್ಬರು ಕನ್ನಡಕ ತೆಗೆದು ಬಾಗಿದರು:
ಈ ಕಾಗದ ಮಾಸುತ್ತದಲ್ಲ? ಎಷ್ಟು ದಿನ ಬಾಳುತ್ತದೆ?
ಗಲ್ಲಾದವಳ ಲೆಕ್ಕ, ತಡವಾಗಲಿಲ್ಲ:
‘ಬಿಸಿಲಿಗಿಟ್ಟರೆ ಎರಡು ತಿಂಗಳು.
ಕತ್ತಲಲ್ಲಿಟ್ಟರೆ ಏಳು ವರ್ಷ.
ನನ್ನ ಕರಾರು ಹದಿನೆಂಟನೇ ತಾರೀಕಿನವರೆಗೆ.’
ಅವರು ಚೆನ್ನಾಗಿ ನಕ್ಕರು. ಕೊಳ್ಳಲಿಲ್ಲ.

ಟ್ರಾಮಿನಲ್ಲಿ ನಾನು ರೇಗಿದೆ:
ಒಳ್ಳೆ ಕಾಗದದಲ್ಲಿ ಬರೆಯಬಾರದೇ, ನೂರು ವರ್ಷ ಉಳಿಯುವಂಥದ್ದು?
ಅವಳು ಕಿಟಕಿಯ ಹಬೆಯನ್ನು ಒರೆಸುತ್ತಾ ಹೇಳಿದಳು,
‘ನೂರು ವರ್ಷಕ್ಕೆ ಮುಂಗಡ ಎಷ್ಟು ಕೇಳುತ್ತಾರೆ?’

ರೇಗಲು ನನಗೂ ಬಾಯಿಲ್ಲ.
ಕಳೆದ ವರ್ಷ ಒಂದು ಬ್ಯಾಂಕಿನ ಕ್ಯಾಲೆಂಡರಿಗೆ
ಹನ್ನೆರಡು ಹಕ್ಕಿ ಕೊರೆದುಕೊಟ್ಟೆ,
ಆ ದುಡ್ಡಿನಲ್ಲಿ ಎರಡು ಹಲ್ಲು ಕಟ್ಟಿಸಿಕೊಂಡೆ.
ಬ್ಯಾಂಕನ್ನು ಬೈಯುವಾಗ
ಆ ಹಲ್ಲುಗಳನ್ನೇ ಕಡಿಯುತ್ತೇನೆ.

ಪ್ರದರ್ಶನ ಮುಗಿದ ಮರುದಿನ
ಆ ಮುದುಕ ಬಂದನಂತೆ, ಅರ್ಧ ಲೀಟರ್ ಹಾಲು.
ರಸೀದಿಯ ಜೊತೆ ಅವನ ಹೆಬ್ಬೆರಳನ್ನೂ ಕೊಟ್ಟಳಂತೆ.
ತಿರುಗಿಸಿ ನೋಡಿದ, ಬೆಳಕಿಗೆ ಹಿಡಿದ,
‘ಮಗಳೇ, ಇದರಲ್ಲಿ ಮೊತ್ತ ಎಲ್ಲಿ?’
ಅವನ ಹಿಂದೆ ಸಾಲು ಬಾಗಿಲವರೆಗೆ ಬೆಳೆದಿತ್ತು.